ತಗಡಿನ ಮೇಲೊಂದು ಸಾಕ್ಷಿ

ಇಂಜಿನಿಯರ್ ಸಾಹೇಬರ ಬಲಗೈ ಹೆಬ್ಬೆರಳಿನ ಉಗುರಿನಿಂದಾಗಿ ನಾನು ಕಳೆದುಕೊಂಡದ್ದು ಒಂದು ಪೂರ್ತಿ ಪೆಟ್ಟಿಗೆ ಸೀಲೆಂಟ್, ಅಂದರೆ ಸಂದಿ ಮುಚ್ಚುವ ಅಂಟು. ಅಗಲವಾದ, ಅಂಚು ಸವೆದ ಉಗುರು. ಸಂದಿಯಲ್ಲಿ ಸದಾ ಬೂದು ಬಣ್ಣದ ಅಂಟಿನ ಗೆರೆ, ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ್ದು. ಬಳಿದ ಅಂಟಿಗೆ ಆ ಉಗುರು ಒತ್ತಿ ನೋಡಿ ಅವರು ‘ಆಯ್ತು’ ಅನ್ನುವವರೆಗೆ ಹ್ಯಾಂಗರಿನಿಂದ ವಿಮಾನ ಹೊರಗೆ ಬರುತ್ತಿರಲಿಲ್ಲ.

ನಾನು ಲಷ್ಕರ್ ಮೊಹಲ್ಲಾದಲ್ಲಿ ಪೇಂಟು, ಗಮ್ಮು, ರಬ್ಬರ್ ಸಾಮಾನು ಮಾರುವವನು. ಬೇರೆಯವರ ಅಂಗಡಿಯಲ್ಲಿ ಡಬ್ಬ ಒರೆಸುತ್ತಾ ಶುರುಮಾಡಿ ಸ್ವಂತ ಬೋರ್ಡು ಹಾಕಿಕೊಂಡೆ. ಊರಾಚೆ ಪುಟ್ಟ ವಿಮಾನಗಳನ್ನು ರಿಪೇರಿ ಮಾಡುವ ಹ್ಯಾಂಗರಿಗೆ ಸೀಲೆಂಟ್ ತಂದುಕೊಡುವ ಆರ್ಡರು ಸಿಕ್ಕಾಗ ಬೀಗಿಬಿಟ್ಟಿದ್ದೆ. ಅಲ್ಲಿನ ಇಂಜಿನಿಯರ್ ಸಾಹೇಬರು ಹಿನಕಲ್‌ನಿಂದ ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು.

ಆ ವಿಮಾನಗಳ ರೆಕ್ಕೆಯೊಳಗೇ ಇಂಧನದ ಟ್ಯಾಂಕು. ತಗಡಿಗೆ ತಗಡು ಕೂಡುವ ಕಡೆ ಸೀಲೆಂಟ್ ಸರಿಯಾಗಿ ಕೂರದಿದ್ದರೆ ಸೋರುತ್ತದೆ. ಎರಡು ಡಬ್ಬಿಯ ಮಾಲನ್ನು ತೂಕ ಮಾಡಿ ಕಲಸಬೇಕು. ಕೊಳೆತ ಮೊಟ್ಟೆಯ ವಾಸನೆ. ಕಲಸಿದಾಗಲೆಲ್ಲ ಸಾಹೇಬರು ಒಂದು ಚೂರನ್ನು ಸಣ್ಣ ತಗಡಿಗೆ ಬಳಿದು, ಚೀಟಿ ಅಂಟಿಸಿ, ದಿನ, ಹೊತ್ತು ಬರೆದಿಡುತ್ತಿದ್ದರು.

“ಇವನು ಸಾಕ್ಷಿ ಕಣ್ರೀ. ಟ್ಯಾಂಕೊಳಗೆ ಉಗುರು ಹಾಕೋಕಾಗಲ್ಲ, ಅಲ್ಲೇನಾಗಿದೆ ಅಂತ ಇವನು ಹೇಳ್ತಾನೆ.”

ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ಪೆಟ್ಟಿಗೆ ತರುತ್ತಿದ್ದೆ. ಚೌಕಾಸಿ ಮಾಡಿ ರೇಟು ಚೆನ್ನಾಗಿ ಇಳಿಸಿದ್ದೆ. ಆ ಹುಮ್ಮಸ್ಸಿನಲ್ಲಿ ಮಂಡ್ಯದಲ್ಲಿ ಕಾರು ನಿಲ್ಲಿಸಿ ಇನ್ನೊಂದು ವ್ಯಾಪಾರಕ್ಕೆ ಕೂತೆ. ಕಾರು ಬಿಸಿಲಲ್ಲಿ, ಪೆಟ್ಟಿಗೆ ಡಿಕ್ಕಿಯಲ್ಲಿ, ಮೂರು ಗಂಟೆ. ತಣ್ಣಗಿಡಬೇಕಾದ ಮಾಲು ಅದು. ಡಬ್ಬಿಯ ಮೇಲಿನ ತಾರೀಕು ಮೀರಿಲ್ಲವಲ್ಲ, ಸಾಕು ಅಂದುಕೊಂಡೆ.

ಆಮೇಲೊಂದು ದಿನ ಹ್ಯಾಂಗರಿಗೆ ಹೋದರೆ ಸಾಹೇಬರು ತಗಡು ಹಿಡಿದು ನಿಂತಿದ್ದರು. ಅಷ್ಟು ಹೊತ್ತಿಗೆ ಗಟ್ಟಿಯಾಗಿರಬೇಕಿದ್ದ ಮಾಲು, ಉಗುರು ಒತ್ತಿ ಎತ್ತಿದರೆ ಹಲಸಿನ ಮೇಣದಂತೆ ಎಳೆ ಬಂತು. ಅದೇ ಮಾಲನ್ನು ಟ್ಯಾಂಕಿಗೂ ಬಳಿದಾಗಿತ್ತು.

“ಏನ್ರೀ ವ್ಯಾಪಾರಿಗಳೇ, ಪೆಟ್ಟಿಗೆ ದಾರೀಲಿ ಎಲ್ಲಾದ್ರೂ ಬೆಂದಿತ್ತಾ?”

“ಇಲ್ವಲ್ಲ ಸಾರ್. ತಾರೀಕು ನೋಡಿ, ಒಳ್ಳೇ ಮಾಲು.”

“ಸರಿ ಬುಡಿ. ಹಂಗಾದ್ರೆ ನಾನೇ ತೂಕ ತಪ್ಪಿದ್ದೀನಿ. ಹಂಗಂತ್ಲೇ ಬರೀತೀನಿ.”

ಕೆಲಸದ ಪುಸ್ತಕ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಅಷ್ಟು ವರ್ಷದ ಸರ್ವಿಸಿನಲ್ಲಿ ಅವರ ಮೇಲೆ ಒಂದು ತಪ್ಪೂ ದಾಖಲಾಗಿರಲಿಲ್ಲ. ವ್ಯಾಪಾರದಲ್ಲಿ ನಾನೇನು ಸತ್ಯವಂತನಲ್ಲ. ಆದರೂ ಆ ಪೆನ್ನು ಕಾಗದ ಮುಟ್ಟುವುದನ್ನು ನೋಡಿಕೊಂಡು ನಿಲ್ಲಲಾಗಲಿಲ್ಲ.

“ಬರೀಬೇಡಿ ಸಾರ್. ಮಂಡ್ಯದಲ್ಲಿ ಬಿಸಿಲಿಗೆ ಬಿಟ್ಬುಟ್ಟಿದ್ದೆ. ಮೂರು ಗಂಟೆ.”

ಬೈಯಲಿಲ್ಲ. ಪೆಟ್ಟಿಗೆಯನ್ನು ಬಿಸಾಕುವ ಸಾಮಾನಿನ ಕಡೆ ಇಡಿಸಿದರು. ಬಳಿದದ್ದನ್ನೆಲ್ಲ ಕೆರೆದು ತೆಗೆಯಲು ಅವರಿಗೆ ಮೂರು ದಿನ ಹಿಡಿಯಿತು. ಚಾಕು ತಾಗಿದರೆ ತಗಡು ಗೀರುತ್ತದೆ. ಪ್ಲಾಸ್ಟಿಕ್ ಕಡ್ಡಿಯಲ್ಲೇ ಆಗಬೇಕು. ನಾನು ಮುಟ್ಟುವ ಹಾಗಿರಲಿಲ್ಲ. ದಿನಾ ಮಧ್ಯಾಹ್ನ ಅವರಿಗೆ ಊಟ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ನಿಂತೆ. ಮೂರನೇ ದಿನ ಮೊಸರನ್ನ ಕಲಸುತ್ತಾ ಅಂದರು:

“ಇನ್ನೊಂದು ಪೆಟ್ಟಿಗೆ ತನ್ನಿ. ಐಸ್ ಹಾಕ್ಕೊಂಡು ತನ್ನಿ. ಅಂಗಡಿಯವನ ಹತ್ರ ಎಷ್ಟಾದ್ರೂ ಚೌಕಾಸಿ ಮಾಡ್ರೀ, ಬಿಸಿಲಿನ ಹತ್ರ ಮಾಡ್ಬೇಡಿ.”

ಹೋದ ವರ್ಷ ಅವರು ತೀರಿಕೊಂಡರು. ಅವರ ಮನೆಯಾಕೆ ಒಂದು ಬಿಸ್ಕತ್ತಿನ ಡಬ್ಬ ಮುಂದಿಟ್ಟು, “ಇವನ್ನೆಲ್ಲ ಏನ್ ಮಾಡೋದಪ್ಪಾ?” ಅಂದರು. ತುಂಬ ತಗಡಿನ ಚೂರು. ಎಲ್ಲದರ ಮೇಲಿನ ಸೀಲೆಂಟೂ ರಬ್ಬರಿನಂತೆ ಗಟ್ಟಿ, ಒಂದನ್ನು ಬಿಟ್ಟು. ಅದರ ಮೇಲೆ ಧೂಳು ಮೆತ್ತಿಕೊಂಡಿತ್ತು. ಚೀಟಿಯಲ್ಲಿ ದಿನ, ಹೊತ್ತು. ಕೆಳಗೆ ‘ಮಾಲು ಬಿಸಿಲಿಗೆ ಸಿಕ್ಕಿದೆ’. ನನ್ನ ಹೆಸರು ಇರಲಿಲ್ಲ. ಅದೊಂದನ್ನು ಕೇಳಿ ತಂದುಕೊಂಡೆ. ಈಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ.

ನೀವು ವಿಮಾನ ರಿಪೇರಿ ಮಾಡುವವರಲ್ಲದಿರಬಹುದು. ತಾರಸಿಗೋ ನೀರಿನ ಸಂಪಿಗೋ ಸೀಲೆಂಟ್ ಬಳಿಸುತ್ತೀರಲ್ಲ? ಚೌಕಾಸಿ ಧಾರಾಳವಾಗಿ ಮಾಡಿ. ಆದರೆ ತಾರೀಕು ನೋಡಿ ಸುಮ್ಮನಾಗಬೇಡಿ, ಮಾಲನ್ನು ಎಲ್ಲಿಟ್ಟಿದ್ದರು ಅಂತಲೂ ಕೇಳಿ. ಕಲಸಿದ್ದರಲ್ಲಿ ಒಂದು ಚೂರನ್ನು ತಗಡಿಗೆ ಬಳಿದಿಡಿ. ಅದು ಉಗುರಿಗೆ ಅಂಟದಷ್ಟು ಗಟ್ಟಿಯಾಗುವವರೆಗೆ ನೀರು ಬಿಡಬೇಡಿ. ನನ್ನ ಅಂಗಡಿಗೆ ಬಂದರೂ ಕೇಳಿ. ಈಗ ಮೊದಲನೇ ಸಲ ಕೇಳಿದಾಗಲೇ ನಿಜ ಹೇಳುತ್ತೇನೆ.