ಟರ್ಬೊ ತಣಿಯುವ ಹೊತ್ತು

ನನ್ನ ಗಂಡ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ ಅವರ ಕಾರನ್ನು ಮಾರಲು ಹೊರಟೆ. ಮಳವಳ್ಳಿಯಿಂದ ಒಬ್ಬರು ನೋಡಲು ಬಂದರು. ಡಿಕ್ಕಿಯ ಮೇಲೆ ಮಿಂಚುವ ‘ಟಿ’ ಅಕ್ಷರವನ್ನು ಬೆರಳಿನಿಂದ ಸವರಿ, “ಇದು ನಿಜ್ವಾಗ್ಲೂ ಟರ್ಬೊನಾ? ಮೆಕ್ಯಾನಿಕ್ ಕೈಲಿ ಒಂದ್ಸಲ ತೋರ್ಸಿ ಹೇಳಿ” ಎಂದು ಹೋದರು. ನನಗೆ ರೇಗಬೇಕಿತ್ತು. ಆ ದಿನಗಳಲ್ಲಿ ರೇಗುವುದಕ್ಕೂ ಕೈಲಾಗುತ್ತಿರಲಿಲ್ಲ.

ಆ ಟಿ ಜೊತೆ ನಾನು ಆರು ವರ್ಷ ಸಂಸಾರ ಮಾಡಿದ್ದೆ. ಅದು ಸೆಕೆಂಡ್‌ಹ್ಯಾಂಡ್ ಕಾರು. ಕೊಂಡ ಹೊಸದರಲ್ಲೇ ಇವರಿಗೆ ಯಾರೋ ಹೇಳಿದ್ದರಂತೆ: ಟರ್ಬೊ ಇರುವ ಇಂಜಿನ್ನನ್ನು ಬಂದ ತಕ್ಷಣ ಆಫ್ ಮಾಡಬಾರದು, ಇಂಜಿನ್ನಿಗೆ ಜೋರು ಕೊಡಲು ಒಳಗೆ ಗಿರಗಿರ ತಿರುಗುವ ಚಕ್ರ ಕಾದಿರುತ್ತದೆ, ಅದು ತಣಿಯುವವರೆಗೆ ಓಡುತ್ತಿರಲಿ ಎಂದು. ಒಂದು ನಿಮಿಷ ಸಾಕಂತೆ. ಇವರು ಹತ್ತು ನಿಮಿಷ ಕೂರುತ್ತಿದ್ದರು. ಮದ್ದೂರಿನಲ್ಲಿದ್ದ ಇವರ ಗೊಬ್ಬರದಂಗಡಿಯಿಂದ ನಮ್ಮ ಮನೆಗೆ ಎರಡೇ ಕಿಲೋಮೀಟರು! ಮಧ್ಯಾಹ್ನ ಊಟಕ್ಕೆ ಬರುವುದು, ಅಂಗಳದಲ್ಲಿ ಇಂಜಿನ್ ಗುರ್ರೆನ್ನಿಸುತ್ತಾ ಕೂರುವುದು. ಮುದ್ದೆ ಆರಿ ಕಲ್ಲಾಗುತ್ತಿತ್ತು. “ಬತ್ತೀರೋ, ತಟ್ಟೆ ಅಲ್ಲಿಗೇ ತರ್ಲೋ?” ಎಂದು ಕಿರುಚುತ್ತಿದ್ದೆ. “ತಡಿಯಮ್ಮಿ, ಟರ್ಬೊ ತಣ್ಗಾಗ್ಲಿ.” ದಿನಾ ಅದೇ ರಾಗ.

ಆ ದಿನವೂ ಇಂಜಿನ್ ಸದ್ದು ಕೇಳುತ್ತಿತ್ತು. ಅತ್ತೆ ನಡುಮನೆಯಿಂದ, “ಯಾಕವ್ವ, ಇನ್ನೂ ಒಳೀಕ್ ಬರ್ನಿಲ್ಲ ಅವ್ನು. ಓಗಿ ನೋಡು” ಎಂದರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. “ನಿಮ್ ಮಗಂಗೆ ಎಂಡ್ತಿಗಿಂತ ಟರ್ಬೊ ಎಚ್ಚು. ತಣ್ಸ್ಕಂಡೇ ಬತ್ತಾರೆ ಬುಡಿ” ಎಂದೆ. ಅರ್ಧ ಗಂಟೆ ಕಳೆದು ಹೋಗಿ ನೋಡಿದರೆ ಸ್ಟೇರಿಂಗ್ ಮೇಲೆ ತಲೆಯಿಟ್ಟಿದ್ದರು. ಇಂಜಿನ್ ಓಡುತ್ತಲೇ ಇತ್ತು. ನಾನೇ ಕೈ ಚಾಚಿ ಆಫ್ ಮಾಡಿದೆ. ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು, “ಹಾರ್ಟು. ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ...” ಎಂದು ಅಷ್ಟಕ್ಕೇ ನಿಲ್ಲಿಸಿದರು. ನಾನು ಅಳಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು, ಅದು ಇನ್ನೂ ಬಿಟ್ಟಿಲ್ಲ.

ಮಳವಳ್ಳಿಯವರು ಹೇಳಿದ ಹಾಗೆ ಕಾರು ತೋರಿಸಿದೆ. ಮದ್ದೂರಿನ ಹಳೆಯ ಮೆಕ್ಯಾನಿಕ್ ಸಾಹೇಬರು ಬಾನೆಟ್ ಎತ್ತಿ, ಬಗ್ಗಿ, ಟಾರ್ಚು ಹಾಕಿ ನೋಡಿದರು.

“ಇದ್ರಲ್ಲಿ ಟರ್ಬೊ ಇಲ್ಲ ಕಣಮ್ಮ. ಇದ್ದಿದ್ರೆ ಇಲ್ಲಿ ಬಸವನಹುಳದ ಚಿಪ್ಪಿನ ತರದ್ದೊಂದು ಇರ್ಬೇಕಿತ್ತು.”

“ಹಿಂದೆ ಟಿ ಅಂತ ಇದೆಯಲ್ಲ?”

“ಅದು ಅಂಗ್ಡೀಲಿ ಸಿಗೋ ಅಂಟಿಸೋ ಅಕ್ಷರ. ಮೊದಲ್ನೇ ಓನರು ಸೋಕಿಗೆ ಅಂಟಿಸ್ಕಂಡಿರ್ಬೇಕು. ಅಕ್ಷರ ನೋಡಿ ನಂಬಬಾರ್ದು ಕಣಮ್ಮ. ಒಂದು ಕಂಪ್ನಿಯೋರು ಟಿ ಅಂತ ಬರೀತಾರೆ, ಇನ್ನೊಬ್ರು ಬೇರೆ ಏನೋ ಬರೀತಾರೆ, ಟರ್ಬೊ ಇದ್ರೂ ಏನೂ ಬರೀದಿರೋರೂ ಅವ್ರೆ. ಬಾನೆಟ್ ಎತ್ತೇ ನೋಡ್ಬೇಕು.”

“ಹಂಗಾದ್ರೆ ಬಂದ ತಕ್ಷಣ ಆಫ್ ಮಾಡ್ಬೋದಿತ್ತಾ?”

“ಓ, ಧಾರಾಳವಾಗಿ.”

ಬೆಂಚಿನ ಮೇಲೆ ಕುಳಿತೆ. ಟೀ ತರಿಸಿಕೊಟ್ಟರು, ಕುಡಿದೆ. ಸಕ್ಕರೆ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಆಫ್ ಮಾಡಿ ನೇರ ಒಳಗೆ ಬಂದಿದ್ದರೆ ನನ್ನ ಕಣ್ಣೆದುರೇ ಬೀಳುತ್ತಿದ್ದರು, ಎತ್ತಿಕೊಂಡು ಓಡುತ್ತಿದ್ದೆ. ಅಷ್ಟೇ ಯೋಚನೆ, ಮತ್ತೆ ಮತ್ತೆ ಅದೇ. ಮಳವಳ್ಳಿಯವರಿಗೆ ಅಲ್ಲಿಂದಲೇ ಫೋನ್ ಮಾಡಿ ಟರ್ಬೊ ಇಲ್ಲವೆಂದು ಹೇಳಿಬಿಟ್ಟೆ.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಆ ಮಧ್ಯಾಹ್ನದ ಮಾತನ್ನು ನಾವಿಬ್ಬರೂ ಅವತ್ತಿನಿಂದ ಎತ್ತಿರಲಿಲ್ಲ.

“ಏನಂದ್ರವ್ವ? ಅದೆಂತದೋ ಟರ್ಬೊ, ಐತಂತಾ?”

“ಐತಂತೆ ಅತ್ತೆ.”

ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿ ಅತ್ತೆ ನನ್ನ ಮುಖ ನೋಡಿದರು. “ಮತ್ತೆ! ಅದುಕ್ಕೇ ಕುಂತಿದ್ದ ನನ್ ಮಗ. ನಿಂದೇನೈತವ್ವ ತಪ್ಪು, ಬುಡು.”