ಬೆಳಗಿನ ಹೊತ್ತು ಮಾತ್ರ ಕೆಡುವ ಮೊಳೆ ಗನ್ನು

ನನ್ನ ಮೊಳೆ ಗನ್ನಿಗೆ ಬೆಳಗಿನ ಹೊತ್ತು ಮಾತ್ರ ಕಾಯಿಲೆ. ಹತ್ತು ಗಂಟೆಯಾದರೆ ತಾನಾಗಿಯೇ ವಾಸಿ. ಸ್ಕೂಲಿಗೆ ಹೋಗಲೊಲ್ಲದ ಮಕ್ಕಳ ಹೊಟ್ಟೆನೋವಿನ ಥರ.

ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಈ ಗನ್ನು ಹಿರಿಯೂರಿನ ಹೈವೇ ಪಕ್ಕದ ನನ್ನ ಸೋಫಾ ಅಂಗಡಿಯ ಅರ್ಧ ಜೀವ. ಇನ್ನರ್ಧ ಗೋಡೆಯ ಮೇಲಿದೆ: ಕಟ್ಟು ಹಾಕಿಸಿದ ನನ್ನ ಬಿ.ಎಸ್ಸಿ. ಸರ್ಟಿಫಿಕೇಟು. ಕುರಿ ಕಾಯುವ ನಮ್ಮ ಮನೆತನದಲ್ಲಿ ಅದೇ ಮೊದಲ ಪದವಿ. ಹಾಸ್ಟೆಲಿನ ನೀರುಸಾರು ಉಂಡು, ಒಮ್ಮೆ ಫೇಲಾಗಿ, ಮತ್ತೆ ಕಟ್ಟಿ ಪಡೆದದ್ದು. ಸೋಫಾ ಮಾಡುವವನಿಗೆ ಅದೇಕೆ ಎಂದು ಕೇಳುವವರಿದ್ದಾರೆ. ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಶುರುವಾದಾಗ ಸರ್ಟಿಫಿಕೇಟು ಗೋಡೆಯ ಮೇಲೆ ನಡುಗುತ್ತದೆ, ಪರೀಕ್ಷೆಯ ದಿನ ನಾನು ನಡುಗಿದ ಹಾಗೆ.

ಈ ಚಳಿಗಾಲ ಮಗಳಿಗೊಂದು ಕಟಕಟೆಯ ಮಂಚ ಮಾಡುತ್ತಿದ್ದೆ. ಅವಳಿಗೀಗ ಮೂರು ತಿಂಗಳು. ಹೆಂಡತಿ ಶಾರದ ಬಾಣಂತನಕ್ಕೆ ತವರು ಮತ್ತೋಡಿನಲ್ಲಿದ್ದಾಳೆ. ಐದನೇ ತಿಂಗಳಿಗೆ ಮುಂಚೆ ಕಳಿಸುವುದಿಲ್ಲ ಎಂಬುದು ಅತ್ತೆಯವರ ಕಟ್ಟುನಿಟ್ಟು. ಬೇಗ ಕಳಿಸಿ ಎನ್ನಲು ಅಳಿಯನಿಗೆ ನಾಚಿಕೆ. ನೀನಿಲ್ಲದೆ ಆಗುವುದಿಲ್ಲ ಎಂದು ಹೆಂಡತಿಗಾದರೂ ಹೇಳಬಹುದಿತ್ತು. ನಮ್ಮ ಕಡೆಯ ಗಂಡಸರಿಗೆ ಆ ವಿದ್ಯೆ ಬರುವುದಿಲ್ಲ. ಹಾಗಾಗಿ ಅಂಗಡಿಯ ಕೆಲಸ ಶುರುವಾಗುವ ಮುಂಚೆ, ಚಳಿಯಲ್ಲೇ ಎದ್ದು ಮಂಚ ಮಾಡುತ್ತಿದ್ದೆ.

ಗನ್ನು ಟಪ್ಪೆನ್ನುತ್ತಿತ್ತು, ಮೊಳೆ ಬರುತ್ತಿರಲಿಲ್ಲ. ಮರದ ಮೇಲೆ ಬರಿ ಗುಳಿ. ಒಮ್ಮೊಮ್ಮೆ ಮೊಳೆ ಓರೆಯಾಗಿ ಬಂದು ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಗಾಳಿಯ ಪೈಪು ಕಳಚಿ, ಬಾಯಿ ಬಿಚ್ಚಿ, ಇಕ್ಕಳದಲ್ಲಿ ಕೀಳುತ್ತಿದ್ದೆ. ಮೊಳೆಯ ಅಳತೆ ನೋಡಿದೆ, ಬೇರೆ ಡಬ್ಬಿ ಒಡೆದೆ, ಸ್ಪ್ರಿಂಗ್ ಬದಲಿಸಿದೆ. ಪಕ್ಕದ ಪಂಚರ್ ಅಂಗಡಿಯ ರಹಮತ್ ಸಾಬರಿಗೆ ತೋರಿಸಲು ಒಯ್ದಾಗ ಹನ್ನೊಂದು ಗಂಟೆ. ಅವರು ಹಳೆಯ ಹಲಗೆಗೆ ಸಾಲಾಗಿ ಮೊಳೆ ಹೊಡೆದು, "ಗನ್ನು ಬರಾಬರ್ ಐತೆ ಕಣಪ್ಪ. ನಿಂಗೇ ನಿದ್ದೆ ಸಾಲ್ದು" ಎಂದರು. ಅದೂ ಸುಳ್ಳಲ್ಲ.

ಆ ಸಂಜೆ ಶಾರದಳಿಗೆ ಫೋನಿನಲ್ಲಿ ಗನ್ನಿನ ಪುರಾಣವನ್ನೆಲ್ಲ ಹೇಳಿದೆ. ಹೇಳಬೇಕಾದದ್ದು ಬೇರೆಯೇ ಇತ್ತು. ಎಣ್ಣೆ ಯಾವುದು ಬಿಟ್ಟಿದ್ದೀರಿ ಎಂದಳು. ಗನ್ನಿನ ಎಣ್ಣೆ ಮುಗಿದಿತ್ತು. ಮನೆಯ ಕಿಟಕಿಯಲ್ಲಿ ಅವಳ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು. ತೆಂಗಿನ ಸೀಮೆಯವನಿಗೆ ಬೇರೆ ಎಣ್ಣೆ ಹೊಳೆಯುವುದಾದರೂ ಹೇಗೆ? ಒಂದು ಮಧ್ಯಾಹ್ನ ಗನ್ನಿನೊಳಗೆ ಮೊಳೆಗಳು ಸಾಲಾಗಿ ಕೂರುವ ಸಂದಿಗೆಲ್ಲ ಅದನ್ನೇ ಧಾರಾಳವಾಗಿ ಸವರಿದ್ದೆ.

"ಚಳಿಗೆ ಗಟ್ಟಿಯಾಗೈತೆ ಕಣ್ರಿ. ಮೊಳೆ ಹೆಂಗೆ ಮುಂದಕ್ಕೆ ಜರುಗ್ಬೇಕು?"

ನಮ್ಮ ಮನೆಯ ಎಣ್ಣೆ ಗಟ್ಟಿಯಾಗುವುದಿಲ್ಲವಲ್ಲ ಎಂದು ವಾದಿಸಿದೆ. ಮದುವೆಯಾದಾಗಿನಿಂದ ನಾಲ್ಕು ಚಳಿಗಾಲ ತಲೆಗೆ ಹಚ್ಚಿಕೊಂಡಿದ್ದೇನೆ, ಒಂದು ದಿನವೂ ಗಟ್ಟಿಯಾಗಿರಲಿಲ್ಲ. ಈ ವರ್ಷ ಮಾತ್ರ ಹಚ್ಚಿಕೊಂಡಿರಲಿಲ್ಲ, ಯಾರೂ ನೆನಪಿಸಿರಲಿಲ್ಲ.

"ದಿನಾ ಬೆಳಿಗ್ಗೆ ಆ ಬಾಟ್ಲೀನ ಬಿಸಿಲಿಗೆ ಇಡ್ತಿದ್ದೋರು ಯಾರು ಅನ್ಕಂಡಿದ್ರಿ? ನಿಮ್ಮ ಸರ್ಟಿಫಿಕೇಟಾ?"

ಕರಗುವ ಬಿಂದು ಎಂದರೇನು ಎಂಬ ಪ್ರಶ್ನೆಗೆ ಪೂರ್ತಿ ಅಂಕ ಪಡೆದವನು ನಾನು. ಅದು ನನ್ನ ಮನೆಯ ಕಿಟಕಿಯಲ್ಲೇ ಕೂತಿದೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಹೇಳಿರಲಿಲ್ಲ.

ಮರುದಿನ ಗನ್ನನ್ನು ಬಿಚ್ಚಿ, ಸಂದಿಯ ಜಿಡ್ಡು ಒರೆಸಿ, ಪೇಟೆಯಿಂದ ಗನ್ನಿನದೇ ಎಣ್ಣೆ ತಂದು ಎರಡು ತೊಟ್ಟು ಬಿಟ್ಟೆ. ಅದರ ಮಾರನೆಯ ಬೆಳಿಗ್ಗೆ, ಉಸಿರು ಹೊಗೆಯಾಡುವ ಚಳಿಯಲ್ಲಿ, ಒಂದು ಮೊಳೆಯೂ ತಪ್ಪಲಿಲ್ಲ. ಮಂಚ ಮುಗಿಯಿತು. ಸಂಜೆ ಫೋನಿನಲ್ಲಿ ಹೆಮ್ಮೆಯಿಂದ ವರದಿ ಒಪ್ಪಿಸಿದೆ.

"ಹಂಗಾರೆ ನಾಳೆ ಯಾವ ನೆಪಕ್ಕೆ ಫೋನ್ ಮಾಡ್ತೀರಿ?" ಎಂದಳು.

ಆಚೆ ಮಗು ಕೊಸರುವ ಸದ್ದು ಕೇಳುತ್ತಿತ್ತು. "ನೀವಿಬ್ರೂ ಇಲ್ದೆ ಮನೆ ಬಿಕೋ ಅಂತೈತೆ" ಎಂದೆ. ಆಡಿದ್ದು ನಾನೇ ಹೌದೋ ಎಂದು ನನಗೇ ಅನುಮಾನ. ಅವಳು ಮಗುವನ್ನು ತಟ್ಟಿ ಸುಮ್ಮನಾಗಿಸಿದಳು. ಆಮೇಲೆ ಮೆಲ್ಲಗೆ, "ಬಾಟ್ಲಿ ಬಿಸಿಲಿಗೆ ಇಡ್ರಿ" ಎಂದಳು.

ಇಡುತ್ತಿದ್ದೇನೆ. ಅವಳು ಬರುವಷ್ಟರಲ್ಲಿ ಶಿವರಾತ್ರಿ ಕಳೆದು ಚಳಿ ಹೋಗಿರುತ್ತದೆ, ಎಣ್ಣೆ ತಾನಾಗಿಯೇ ಕರಗಿರುತ್ತದೆ. ವಿಜ್ಞಾನದ ಪ್ರಕಾರ ನನ್ನ ಈ ಕೆಲಸದಿಂದ ಏನೂ ಪ್ರಯೋಜನವಿಲ್ಲ. ಆದರೂ ಬಾಟಲಿಯನ್ನು ಕಾಂಪೌಂಡಿನ ಮೇಲಿಟ್ಟು ಅದರ ಪಕ್ಕದಲ್ಲಿ ನಾನೂ ಬಿಸಿಲು ಕಾಯಿಸುತ್ತಾ ನಿಲ್ಲುತ್ತೇನೆ. ಗಟ್ಟಿಯಾದದ್ದು ಒಂದೇ ಸಲಕ್ಕೆ ಕರಗುವುದಿಲ್ಲ. ಅಂಚಿನಿಂದ ಶುರುವಾಗುತ್ತದೆ.