ಆಕಾಶದಲ್ಲಿ ಗೌನಿಪಲ್ಲಿ ಸ್ಟಾಪು

ನಮ್ಮನೆಯೋರ ಕತೆ ಹೇಳ್ತಾ ಎಲ್ಲಿಗೆ ಬಂದೆ ನಾನು ಅರ್ಪಿತಾ? ಹ್ಞಾ, ನಮ್ಮಣ್ಣ ಆವಲಪ್ಪ, ಬರ್ಕೋ. ಮೂವತ್ತು ವರ್ಷ ರಾಯಲ್ಪಾಡು-ಕೋಲಾರ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋನು, ರಿಟೈರ್ ಆದ್ರೂ ಬಾಯಿ ರಿಟೈರ್ ಆಗ್ಲಿಲ್ಲ. ಪುಣೆಲಿರೋ ಮಗಳು ಊರಿಗೆ ಬಂದು ಹೋಗುವಾಗೆಲ್ಲ ಇವನೂ ವಿಮಾನ ಹತ್ತಬೇಕು, ಯಾಕಂದ್ರೆ ಅವಳ ಮಗು ಧನ್ವಿ, ಇನ್ನೂ ಎರಡು ತುಂಬಿಲ್ಲ, ತಾತನ ತೊಡೆ ಬಿಟ್ರೆ ಸುಮ್ನಿರಲ್ಲ. ಮಗು ರಾಗ ಎಳೆದ್ರೆ ಸಾಕು, ಕಿಟಕಿಗೆ ಕೈ ತೋರ್ಸಿ, "ಗೌನಿಪಲ್ಲಿ ದಿಗಂಡಿ, ಇಳೀರಿ ಇಳೀರಿ! ರೈಟ್ ರೈಟ್!" ಅಂತ ಕೂಗ್ತಾನೆ. ಮಗು ಗಪ್‌ಚಿಪ್. ತಿಂಡಿ ಗಾಡಿ ತಳ್ಕೊಂಡ್ ಬರೋ ಹುಡುಗಿಗೂ "ಮುಂದಕ್ಕೋಗಮ್ಮ, ಜಾಗ ಐತೆ" ಅಂತಾನೆ. ನಿಜ ಹೇಳ್ಲಾ, ಎತ್ತರ ಅಂದ್ರೆ ಅವನಿಗೇ ಪ್ರಾಣಭಯ. ಚಿಕ್ಕೋನಿದ್ದಾಗ ಮಾವಿನ ಮರಾನೂ ಹತ್ತಿದೋನಲ್ಲ, ಕಾಯೆಲ್ಲ ನಾನೇ ಕಿತ್ಕೊಡ್ತಿದ್ದೆ. ಹೋದ್ಸಲ ಮೋಡದಲ್ಲಿ ವಿಮಾನ ಗಡಗಡ ಅಂದಾಗ ಕಣ್ಮುಚ್ಕೊಂಡ, ಬಾಯಿಂದ ಒಂದೂರೂ ಹೊರಡ್ಲಿಲ್ಲ. ಆಗ ಧನ್ವಿ ಅವನ ಕೆನ್ನೆ ತಟ್ಟಿ, "ತಾತಾ, ಗೌಪಲ್ಲಿ! ರೈಟ್ ರೈಟ್!" ಅಂದ್ಳಂತೆ. ಅವನು ಮೆಲ್ಲಗೆ ಕಣ್ಬಿಟ್ಟು, "ಮುಂದೆ ಶ್ರೀನಿವಾಸಪುರ" ಅಂದ್ನಂತೆ. ಈಗ ಮಗಳಿಗೆ ಡೆಲ್ಲಿಗೆ ವರ್ಗ ಆಗೈತೆ, ಅಷ್ಟು ದೂರಕ್ಕೆ ಅವನು ಕೂಗೋ ರೂಟಿನ ಊರುಗಳು ಸಾಲಲ್ಲ. ನಾಳೆ ಕೋಲಾರಕ್ಕೆ ಹೋಗ್ತೀಯಲ್ಲ, ಬಸ್‌ಸ್ಟ್ಯಾಂಡಲ್ಲಿ ಮುಳಬಾಗಿಲು ರೂಟಿನ ಸ್ಟಾಪೆಲ್ಲ ಕೇಳಿ, ಅವನು ಓದಿ ಕೂಗೋ ಹಾಗೆ ದಪ್ಪಕ್ಷರದಲ್ಲಿ ಬರ್ಕೊಂಡು ಬಾ ಕಣೇ.